ತೈಪೆಯಲ್ಲಿ ರೂಮು ಹುಡುಕುತ್ತಿದ್ದೀರಾ? ‘ಎರಡನೇ ಮಾಲೀಕ’ರ ಬಗ್ಗೆ ಹುಷಾರು

ಸೆಪ್ಟೆಂಬರ್ ಮತ್ತು ಫೆಬ್ರವರಿ ಬಂತೆಂದರೆ ತೈಪೆಯಲ್ಲಿ ರೂಮಿಗೆ ಪರದಾಟ. ಹೊಸ ಸೆಮಿಸ್ಟರ್ ಶುರುವಾಗುತ್ತದೆ, ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ, ನಮ್ಮ ಚೀನೀ ಭಾಷೆ ತರಕಾರಿ ಕೊಳ್ಳುವಷ್ಟರ ಮಟ್ಟಿಗೆ. ಇದಕ್ಕೇ ಕಾದು ಕೂತ ಕೆಲವರಿದ್ದಾರೆ. ಅಸಲಿ ಮಾಲೀಕರಿಂದ ಇಡೀ ಮನೆ ಬಾಡಿಗೆಗೆ ಹಿಡಿದು, ಅದನ್ನು ಒಂದೊಂದೇ ರೂಮಾಗಿ ನಮಗೆ ಕೊಡುತ್ತಾರೆ. ಇಲ್ಲಿಯವರು ಅವರನ್ನು ‘ಅರ್ ಫಾಂಗ್‌ತೊಂಗ್’, ಎರಡನೇ ಮಾಲೀಕ, ಎನ್ನುತ್ತಾರೆ. ಎಲ್ಲರೂ ಮೋಸಗಾರರಲ್ಲ. ನನಗೆ ಸಿಕ್ಕಿದವನು ಮಾತ್ರ ಪಕ್ಕಾ.

ಜಾಹೀರಾತು ಇಂಗ್ಲಿಷಿನಲ್ಲಿತ್ತು. ಗೊಂಗ್‌ಗುವಾನ್ ಮೆಟ್ರೊ ಹತ್ತಿರ, ಚೀನೀ ಬರದಿದ್ದರೂ ಪರವಾಗಿಲ್ಲ, ತಿಂಗಳಿಗೆ 9,000 ತೈವಾನ್ ಡಾಲರ್. ಆ ಏರಿಯಾಕ್ಕೆ ಅಗ್ಗ. ಯಾಕೆ ಅಗ್ಗ ಎಂದು ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು. ಲಿಫ್ಟ್ ಇಲ್ಲದ ಹಳೇ ಕಟ್ಟಡ, ತಾರಸಿ ಮೇಲೆ ತಗಡು ಹೊದಿಸಿ ಕಟ್ಟಿದ ರೂಮು. ತೈಪೆಯಲ್ಲಿ ಇಂಥವು ಎಲ್ಲಿ ನೋಡಿದರೂ ಇವೆ. ಹೆಚ್ಚಿನವು ಅಕ್ರಮ. 1995ರಿಂದ ಈಚೆಗೆ ಕಟ್ಟಿದ್ದಾದರೆ ಯಾರಾದರೂ ದೂರು ಕೊಟ್ಟರೆ ನಗರಾಡಳಿತ ಒಡೆಸಬಹುದು. ಅದಕ್ಕಿಂತ ಹಳೆಯದನ್ನು ಸಾಮಾನ್ಯವಾಗಿ ಸದ್ಯಕ್ಕೆ ಹಾಗೇ ಬಿಟ್ಟಿರುತ್ತಾರೆ.

ಜುಲೈ ಬಿಸಿಲಿಗೆ ಆ ತಗಡು ಹೇಗೆ ಕಾಯುತ್ತದೆ ಎಂದರೆ, ರಾತ್ರಿ ಹತ್ತಕ್ಕೂ ಸೂರಿನ ಕಡೆಯಿಂದ ಶಾಖ ಇಳಿಯುತ್ತಿರುತ್ತದೆ. ಏಸಿ ಇಲ್ಲದೆ ನಿದ್ದೆ ಇಲ್ಲ. ಬಾಗಿಲ ಪಕ್ಕದಲ್ಲಿ ಪ್ರತಿ ರೂಮಿಗೂ ಪುಟ್ಟ ಮೀಟರು, ಯೂನಿಟ್ಟಿಗೆ 6 ಡಾಲರ್. ಆ ತಿಂಗಳ ಕರೆಂಟ್ ಬಿಲ್ಲು ನೋಡಿ ಊಟ ಸೇರಲಿಲ್ಲ. ಈಗಿನ ನಿಯಮದಂತೆ, ಆಯಾ ಅವಧಿಯ ಅಸಲಿ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ ಸರಾಸರಿ ಎಷ್ಟು ಬಿದ್ದಿದೆಯೋ ಅದಕ್ಕಿಂತ ಜಾಸ್ತಿ ಬಾಡಿಗೆದಾರರಿಂದ ವಸೂಲಿ ಮಾಡುವ ಹಾಗಿಲ್ಲ. ಬಿಲ್ಲು ತೋರಿಸಿ ಎಂದು ಕೇಳಬಹುದು. ಕೇಳಿದೆ. ‘ಆಮೇಲೆ ಕಳಿಸ್ತೀನಿ’ ಎಂದ.

ಅಡ್ವಾನ್ಸ್ ಎರಡು ತಿಂಗಳದ್ದು, ಜೊತೆಗೆ ಮೊದಲ ತಿಂಗಳ ಬಾಡಿಗೆ, ಒಟ್ಟು 27,000. ನಮ್ಮ ದುಡ್ಡಲ್ಲಿ ಎಪ್ಪತ್ತು ಸಾವಿರಕ್ಕೂ ಮೇಲೆ. ಇಲ್ಲಿನ ಕಾನೂನಿನಲ್ಲಿ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ, ಆ ಲೆಕ್ಕ ಸರಿಯಾಗೇ ಇತ್ತು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಕೇಳಿ ಬೆಳೆದವರಿಗೆ ಎರಡೇ ತಿಂಗಳು ಎಂದರೆ ಪುಣ್ಯಾತ್ಮ ಅನಿಸುತ್ತದೆ, ಅಲ್ವಾ? ಒಂದು ಮಾತು ಮಾತ್ರ ವಿಚಿತ್ರವಾಗಿತ್ತು: ‘ನಿವಾಸದ ಕಾರ್ಡಿಗೆ ಈ ವಿಳಾಸ ಕೊಡಬೇಡ.’ ವಿದೇಶಿಯರು ವಿಳಾಸ ಬದಲಾದರೆ ವಲಸೆ ಇಲಾಖೆಗೆ ತಿಳಿಸಲೇಬೇಕು. ಹೀಗೆ ಹೇಳುವವರಿಂದ ದೂರ ಇರಿ.

ವಿಷಯ ಬಯಲಾಗಿದ್ದು ಕಸದ ಲಾರಿ ಹತ್ತಿರ. ತೈಪೆಯಲ್ಲಿ ಕಸ ರಸ್ತೆ ಬದಿ ಇಡುವಂತಿಲ್ಲ. ಹಳದಿ ಲಾರಿ ಬೀಥೋವನ್ ಟ್ಯೂನು ಹಾಕಿಕೊಂಡು ಬರುತ್ತದೆ, ದುಡ್ಡು ಕೊಟ್ಟು ತಂದ ನೀಲಿ ಚೀಲ ಹಿಡಿದು ಓಣಿಯೆಲ್ಲ ಕೆಳಗಿಳಿಯುತ್ತದೆ. ಅಲ್ಲಿ ಮೂರನೇ ಮಹಡಿಯ ಅಜ್ಜಿಯೊಬ್ಬರು ಯಾವ ಮಹಡಿ ಎಂದು ಕೇಳಿದರು. ಮೇಲಕ್ಕೆ ಕೈ ತೋರಿಸಿದೆ. ಅವರ ಮುಖವೇ ಬದಲಾಯಿತು. ಆ ವಾರವೇ ಅಸಲಿ ಮಾಲೀಕಿ ಬಂದರು. ಲ್ಯಾಬಿನ ತೈವಾನಿ ಗೆಳತಿ ಫೋನಲ್ಲಿ ಮಧ್ಯೆ ನಿಂತು ಮಾತಾಡಿದಳು. ಅವರು ಮನೆ ಕೊಟ್ಟಿದ್ದು ಆತನ ಸಂಸಾರಕ್ಕೆ, ಬೇರೆಯವರಿಗೆ ಕೊಡಲು ಒಪ್ಪಿಗೆ ಇರಲಿಲ್ಲ, ಬಾಡಿಗೆಯೂ ಬಾಕಿ. ಆಯಮ್ಮ ಜೋರು ಮಾಡಲಿಲ್ಲ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದರಷ್ಟೆ. ಲೈನ್ ಆ್ಯಪ್‌ನಲ್ಲಿ ಆತನಿಗೆ ಬರೆದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಹಾಗಾಗಿ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಯೇ ಕೇಳಿ: ನೀವು ಮಾಲೀಕರಾ, ಬಾಡಿಗೆದಾರರಾ? ಬಾಡಿಗೆದಾರರಾದರೆ, ಇನ್ನೊಬ್ಬರಿಗೆ ಕೊಡಲು ಮಾಲೀಕರು ಬರೆದುಕೊಟ್ಟ ಒಪ್ಪಿಗೆ ಇರಬೇಕು, ಅದನ್ನು ನಿಮಗೆ ತೋರಿಸಲೇಬೇಕು. ಅವರ ಒಪ್ಪಂದ ಯಾವತ್ತು ಮುಗಿಯುತ್ತದೆ ಎಂಬುದೂ ನಿಮ್ಮ ಕರಾರಿನಲ್ಲಿ ಇರಬೇಕು. ಇದು ಬಾಡಿಗೆ ಕಾನೂನಿನಲ್ಲೇ ಇದೆ. ನಾನೇ ಮಾಲೀಕ ಎನ್ನುವವರು ಆಸ್ತಿ ಪತ್ರ ತೋರಿಸಲಿ. ಭೂದಾಖಲೆ ಕಚೇರಿಯಲ್ಲಿ ಯಾರು ಬೇಕಾದರೂ ಸಣ್ಣ ಶುಲ್ಕ ಕಟ್ಟಿ ಮನೆಯ ದಾಖಲೆ ತೆಗೆಸಬಹುದು. ಪೂರ್ತಿ ಹೆಸರು ಕಾಣದಿದ್ದರೂ ಮನೆತನದ ಹೆಸರು ಹೊಂದುತ್ತದಾ ನೋಡಲು ಅಷ್ಟು ಸಾಕು. ಕರಾರನ್ನು ಓದಿ ನೋಡಲು ಕನಿಷ್ಠ ಮೂರು ದಿನ ಟೈಮ್ ಕೇಳುವ ಹಕ್ಕಿದೆ. ‘ಇವತ್ತೇ ಸಹಿ ಹಾಕು, ಇನ್ನೊಬ್ಬರು ಕಾಯ್ತಿದ್ದಾರೆ’ ಎಂದರೆ ಇನ್ನೊಬ್ಬರಿಗೇ ಹೋಗಲಿ ಬಿಡಿ. ದುಡ್ಡು ಕೈಗೆ ಕೊಡಬೇಡಿ, ಬ್ಯಾಂಕಿಗೇ ಹಾಕಿ. ನಾನು ಬ್ಯಾಂಕಿಗೆ ಹಾಕಿದ್ದರಿಂದಲೇ ಪುರಾವೆ ಉಳಿಯಿತು.

ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಅಂಚೆ ಕಚೇರಿಗೆ ಹೋಗಿ. ‘ತ್ಸುನ್‌ಝೆಂಗ್ ಶಿನ್‌ಹಾನ್’ ಎಂಬ ನೋಟಿಸ್ ಪತ್ರ ಇದೆ. ಮೂರು ಪ್ರತಿ: ಒಂದು ಆತನಿಗೆ, ಒಂದು ನಿಮಗೆ, ಒಂದು ಅಂಚೆಯವರ ಬಳಿ. ಸಿಕ್ಕಿಲ್ಲ, ಗೊತ್ತಿಲ್ಲ ಎನ್ನಲು ಆತನಿಗೆ ದಾರಿ ಇರುವುದಿಲ್ಲ. ಗೆಳತಿ ಬರೆದುಕೊಟ್ಟಳು, ಕಳಿಸಿದೆ, ಒಂದು ತಿಂಗಳ ದುಡ್ಡು ವಾಪಸ್ ಬಂತು. ಉಳಿದ ಒಂದು ತಿಂಗಳದ್ದು ಈಗ ವಾರ್ಡಿನ ರಾಜಿ ಸಮಿತಿ ಮುಂದಿದೆ. ಅದಕ್ಕೆ ಫೀಸಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟು ಒಪ್ಪಿದರೆ ತೀರ್ಪಿನಷ್ಟೇ ಬೆಲೆ. ಮೋಸದ ವಾಸನೆ ಬಂದರೆ 165ಕ್ಕೆ ಫೋನ್ ಮಾಡಿ, ಅದು ಪೊಲೀಸರ ವಂಚನೆ ತಡೆ ಸಹಾಯವಾಣಿ.

ಅದೇ ರೂಮಿನ ಫೋಟೊ ಮೊನ್ನೆ ಬೇರೆ ಹೆಸರಲ್ಲಿ ಮತ್ತೆ ಬಂದಿದೆ. ನೀಲಿ ಗೋಡೆ, ಕಿಟಕಿಗೆ ಕಟ್ಟಿದ ಏಸಿ, ಮೂಲೆಯಲ್ಲಿ ಬಿಳಿ ಕಬ್ಬಿಣದ ಮಂಚ, ಈ ಸಲ 8,500. ಕಂಡರೆ ದುಡ್ಡು ಹಾಕಬೇಡಿ.