ಸಾಣಾಪುರದ ಬಂಡೆ ಮೇಲೆ ಪುಕ್ಕಟೆ ಫೋಟೋಶೂಟ್ ಅಂದರೆ ಮೊದಲು ಹಾಳೆ ಓದಿ

ಗಂಗಾವತಿ ಕಡೆಯ ಹೆಣ್ಣುಮಗಳೊಬ್ಬರು ಸಾಣಾಪುರ ಕೆರೆಯ ಬಂಡೆಗಳ ನಡುವೆ ‘ಆರ್ಟ್ ಫೋಟೋ’ಗೆ ನಿಂತರು. ಒದ್ದೆ ಸೀರೆ, ಬಿಚ್ಚಿದ ಕೂದಲು, ಅರ್ಧ ಬೆನ್ನು ಕಾಣುವ ಭಂಗಿ. ಪ್ರದರ್ಶನಕ್ಕೆ ಮಾತ್ರ ಎಂದು ಮಾತಾಗಿತ್ತು. ಮೂರು ತಿಂಗಳಿಗೆ ಅದೇ ಚಿತ್ರ ಕೊಪ್ಪಳದ ಅಂಗಡಿಯೊಂದರ ಫ್ಲೆಕ್ಸ್ ಮೇಲಿತ್ತು. ಕೇಳಿದರೆ ಅವರೇ ಸಹಿ ಮಾಡಿದ ಹಾಳೆ ಮುಂದೆ ಬಂತು: ‘ಯಾವುದೇ ಉದ್ದೇಶಕ್ಕೆ, ಯಾವುದೇ ಮಾಧ್ಯಮದಲ್ಲಿ’. ಊರವರು ಬೈದದ್ದು ಅವರನ್ನೇ. ಅದು ಅನ್ಯಾಯ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋ ತೆಗೆದವರೇ ಕರ್ತೃ, ಸಾಮಾನ್ಯವಾಗಿ ಮೊದಲ ಒಡೆಯರೂ ಅವರೇ. ಮುಖ ನಿಮ್ಮದಿದ್ದ ಮಾತ್ರಕ್ಕೆ ಚಿತ್ರ ನಿಮ್ಮದಾಗುವುದಿಲ್ಲ. ಆದರೆ ನೀವೇ ಹೇಳಿ, ರೊಕ್ಕ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 17ನೇ ಕಲಮಿನಂತೆ ಮೊದಲ ಒಡೆತನ ನಿಮ್ಮದು. ಅದಕ್ಕೇ ಪುಕ್ಕಟೆ ಒಪ್ಪಬೇಡಿ. ಫೋನ್‌ಪೇಯಲ್ಲಿ ಕೊಟ್ಟು, ‘ಫೋಟೋ ತೆಗೆಸಿದ್ದಕ್ಕೆ’ ಎಂದು ದಿನಾಂಕದೊಂದಿಗೆ ರಸೀದಿ ಪಡೆಯಿರಿ.

ಛಾಯಾಗ್ರಾಹಕರಿಗೆ ಹಕ್ಕು ಬರೆದುಕೊಡುವಾಗ ಪ್ರಿಂಟ್, ಪ್ರದರ್ಶನ ಎಂದು ಬಳಕೆ ಹೆಸರಿಸಿ. ಜಾಹೀರಾತು, ಕ್ಯಾಲೆಂಡರ್, ಸ್ಟಾಕ್ ಸೈಟ್ (ಚಿತ್ರ ಮಾರುವ ಜಾಲತಾಣ), ಎಐ ತಿದ್ದುಪಡಿ ಇಲ್ಲ ಎಂದೂ ಬರೆಸಿ. ಅವಧಿ ಕಾಣಿಸದಿದ್ದರೆ 5 ವರ್ಷ, ಪ್ರದೇಶ ಕಾಣಿಸದಿದ್ದರೆ ಇಡೀ ಭಾರತ ಎಂದೇ ಕಾಯ್ದೆ ಎಣಿಸುತ್ತದೆ.

ದುರ್ಬಳಕೆ ತಡೆಯಲು ಚಿಕ್ಕ ಫೈಲ್ ಕೊಟ್ಟರೆ ಸಾಕು ಎಂಬ ನಂಬಿಕೆ ತಪ್ಪು. 1080 ಪಿಕ್ಸೆಲ್ ಅಗಲದ ಚಿತ್ರ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮುದ್ರಿಸಿದರೆ ಮೂರೂವರೆ ಇಂಚಿಗೆ ಮುಗಿಯುತ್ತದೆ, ನಿಜ. ಅದನ್ನೇ 30 ಡಿಪಿಐನಲ್ಲಿ 3 ಅಡಿ ಫ್ಲೆಕ್ಸಿಗೆ ಎಳೆದರೆ ರಸ್ತೆಯಿಂದ ನೋಡುವವರಿಗೆ ಗುರುತು ಸಿಗುವಷ್ಟು ಚೆನ್ನಾಗಿಯೇ ಕಾಣುತ್ತದೆ.

ಕ್ಯಾಮೆರಾದಲ್ಲಿ ಎರಡು ಕಾರ್ಡ್ ಇವೆಯೇ ಕೇಳಿ. ಬೇಡವಾದ ಫ್ರೇಮು ಒಂದರಲ್ಲಿ ಅಳಿಸಿ ಇನ್ನೊಂದರಲ್ಲಿ ಉಳಿಯುವುದುಂಟು. ಸಹಾಯಕರ ಮೊಬೈಲ್ ಚೀಲದಲ್ಲಿರಲಿ. ಬಟ್ಟೆ ಬದಲಿಸುವಾಗಿನ ಚಿತ್ರಗಳು ಸೋರುವುದು ಅಲ್ಲಿಂದ. ಜೊತೆಗೆ ನಿಮ್ಮ ಕಡೆಯವರೊಬ್ಬರು ಬೇಕೇ ಬೇಕು. ಒಳ್ಳೆಯ ಕಲಾವಿದರು ಇದಕ್ಕೆಲ್ಲ ಮುಖ ಸಿಂಡರಿಸುವುದಿಲ್ಲ. ಸಿಂಡರಿಸಿದವರ ಎದುರು ಮೈಬಿಟ್ಟು ನಿಲ್ಲಬೇಡಿ.

ಚಿತ್ರ ಆಗಲೇ ಹೊರಬಿದ್ದಿದ್ದರೆ ಜಗಳಕ್ಕೂ ಮೊದಲು ಸಾಕ್ಷಿ ಹಿಡಿಯಿರಿ: ಅಂಗಡಿ ಬೋರ್ಡಿನ ಸಮೇತ ಫ್ಲೆಕ್ಸಿನ ಫೋಟೋ, ಮೂಲೆಯಲ್ಲಿ ಮುದ್ರಕರ ಹೆಸರಿದ್ದರೆ ಅದೂ, ಆನ್‌ಲೈನ್ ಆದರೆ ಲಿಂಕ್ ಕಾಣುವ ಸ್ಕ್ರೀನ್‌ಶಾಟ್. ಖಾಸಗಿ ಸ್ಥಿತಿಯ ಚಿತ್ರವಾದರೆ, ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದಲ್ಲಿ ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಸ್ಟಾಪ್‌ಎನ್‌ಸಿಐಐ ಎಂಬ, ಒಪ್ಪಿಗೆಯಿಲ್ಲದ ಖಾಸಗಿ ಚಿತ್ರ ಆನ್‌ಲೈನಿನಲ್ಲಿ ಹರಡದಂತೆ ತಡೆಯುವ ಸೇವೆಯೂ ಇದೆ. ಅಲ್ಲಿ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ.