ಕೊಟ್ಟಾರ ಚೌಕಿಯಲ್ಲಿ ಕಾರು ಮುಳುಗಿದರೆ ಸಿಕ್ಕಿದ ಕ್ರೇನಿನವನ ಕೈಗೆ ಕೀ ಕೊಡಬೇಡಿ

ಮಳೆಗಾಲ ಇನ್ನೂ ಮುಗಿದಿಲ್ಲ, ಅದಕ್ಕೇ ಅರ್ಜೆಂಟಲ್ಲಿ ಬರೆಯುತ್ತಿದ್ದೇನೆ. ಕೊಟ್ಟಾರ, ಕೂಳೂರು, ಉರ್ವಸ್ಟೋರ್ ಕಡೆ ಕಾರಲ್ಲಿ ಓಡಾಡುವವರು ದಯವಿಟ್ಟು ಪೂರ್ತಿ ಓದಿ. ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ನನ್ನ ಮೇಲೇ ಕೇಸು ಹಾಕುವ ಜನ ಅವರು. ನೀರು ನನ್ನ ಕಾರನ್ನು ಒದ್ದೆ ಮಾಡಿತು ಅಷ್ಟೇ. ಹಾಳು ಮಾಡಿದ್ದು ಅದನ್ನು ಎತ್ತಲು ಬಂದವನು. ಮಾಡಿದ್ದಕ್ಕೆ ನನ್ನಿಂದಲೇ ದುಡ್ಡೂ ತೆಗೆದುಕೊಂಡ.

ಕೊಟ್ಟಾರ ಚೌಕಿ ಹೇಗೆ ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಜೋರು ಮಳೆ ಒಂದು ಗಂಟೆ ಹೊಯ್ದರೆ ರಾಜಕಾಲುವೆ ಉಕ್ಕುತ್ತದೆ. ಆ ಹೊತ್ತಿಗೆ ಸಮುದ್ರದಲ್ಲಿ ಭರತ ಇದ್ದರೆ ನೀರು ಇಳಿಯುವುದೂ ಇಲ್ಲ. 2018ರ ಮೇ 29ರಂದು ಊರಿಡೀ ಮುಳುಗಿದ್ದು ಎಲ್ಲರಿಗೂ ನೆನಪಿರಬೇಕು. ಆಮೇಲೆ ಹೂಳೆತ್ತಿದ್ದೇನು, ಫೋಟೋ ಹೊಡೆಸಿಕೊಂಡದ್ದೇನು! ಅಲ್ಲಿನ ಅಂಗಡಿಯವರು ಮಾತ್ರ ಈಗಲೂ ಮೋಡ ಕಪ್ಪಾದ ಕೂಡಲೇ ಸಾಮಾನು ಮೇಲಿನ ಶೆಲ್ಫಿಗೆ ಎತ್ತಿಡುತ್ತಾರೆ. ಪಂಪ್‌ವೆಲ್, ಪಡೀಲ್ ಅಂಡರ್‌ಪಾಸ್ ಕಥೆಯೂ ಬೇರೆ ಅಲ್ಲ. ನನ್ನ ಕಾರು ಮುಳುಗಿದ ದಿನ ಆರೆಂಜ್ ಅಲರ್ಟ್ ಇತ್ತು, ಸರಿ. ನಮ್ಮ ಜಿಲ್ಲೆಯಲ್ಲಿ ಜೂನ್, ಜುಲೈಯಲ್ಲಿ ಅಲರ್ಟ್ ಇರುವ ದಿನವೆಲ್ಲ ಮನೆಯಲ್ಲೇ ಕೂತರೆ ಊಟಕ್ಕೆ ಎಂತ ಮಾಡುವುದು?

ಅಮ್ಮನನ್ನು ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಾರು ಸರ್ವಿಸ್ ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದು. ಕೆಲಸ ಮುಗಿಸಿ ಕೆಳಗೆ ಬಂದು ನೋಡುವಾಗ ಹೆಡ್‌ಲೈಟ್ ತನಕ ನೀರು. ಚರಂಡಿಯ ಕಸ, ಯಾರದೋ ಒಂದು ಚಪ್ಪಲಿ, ಎಲ್ಲ ಬೋನೆಟ್‌ಗೆ ತಾಗಿ ತೇಲುತ್ತಾ ಇತ್ತು. ನಿಲ್ಲಿಸಿದ್ದ ಕಾರು. ಎಂಜಿನ್ ಆಫ್. ನಾನು ನೀರಿನಲ್ಲಿ ಗಾಡಿ ಓಡಿಸಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರು ಸ್ವಲ್ಪ ಇಳಿಯುವ ಹೊತ್ತಿಗೆ ಕ್ರೇನಿನವನು ಹಾಜರು. ಅಲ್ಲೇ ಇನ್ನೊಂದು ಕಾರು ಎಳೆದು ಹಾಕಿ ನನ್ನ ಹತ್ತಿರ ಬಂದ. ಒಳ್ಳೆಯ ತುಳು, ಒಳ್ಳೆಯ ನಗು. "ಅಣ್ಣಾ, ಟೆನ್ಶನ್ ಮಲ್ಪೊಡ್ಚಿ" ಅಂದ, ಟೆನ್ಶನ್ ಮಾಡಬೇಡಿ ಅಂತ. ಕುಂಟಿಕಾನದ ಹತ್ತಿರ ಇರುವ ಕಂಪನಿಯ ಸರ್ವಿಸ್ ಸೆಂಟರ್‌ಗೆ ಬಿಡಲು 1,500 ರೂಪಾಯಿ ಅಂತ ಮಾತಾಯಿತು. ಏರು ಹತ್ತಿದರೆ ಸಿಗುವ ಜಾಗ ಅದು. ಮಳೆ, ಕತ್ತಲು, ಮೇಲೆ ಕ್ಲಿನಿಕ್‌ನಲ್ಲಿ ಬಾಯಿಗೆ ಹತ್ತಿ ಇಟ್ಟುಕೊಂಡು ಕೂತ ಅಮ್ಮ. ಆ ಹೊತ್ತಿಗೆ 1,500 ಜಾಸ್ತಿ ಅನಿಸಲಿಲ್ಲ.

ಸ್ಟಿಯರಿಂಗ್ ಲಾಕ್ ತೆಗೆಯಬೇಕು, ನ್ಯೂಟ್ರಲ್ ಮಾಡಬೇಕು ಅಂತ ಕೀ ಕೇಳಿದ. ಇದು ಎಲ್ಲ ಕ್ರೇನಿನವರೂ ಕೇಳುವುದೇ. ಕೊಡುವಾಗಲೇ ಬಾಯಿ ಬಿಟ್ಟು ಹೇಳಿದೆ, "ಸೆಲ್ಫ್ ಮಾತ್ರ ಹೊಡೆಯಬೇಡಿ, ಎಂಜಿನ್‌ಗೆ ನೀರು ಹೋಗಿರಬಹುದು." ಹೂಂ ಹೂಂ ಅಂತ ತಲೆ ಆಡಿಸಿದ. ಬಾಗಿಲು ತೆಗೆದ, ಒಳಗಿದ್ದ ನೀರು ಅವನ ಕಾಲ ಮೇಲೆ ಸುರಿಯಿತು, ಸೀಟಲ್ಲಿ ಕೂತ. ನಾನು ಛತ್ರಿ ಹಿಡಿದು ಪಕ್ಕದಲ್ಲೇ ಇದ್ದೇನೆ. ಕರ್‍ರ್ ಅಂತ ಸೆಲ್ಫ್ ಸದ್ದು. ಟಕ್ ಅಂತ ನಿಂತಿತು. ನಾನು ಕೂಗುವುದರೊಳಗೆ ಇನ್ನೊಂದು ಸಲ. ಮತ್ತೆ ಟಕ್.

"ಬೇಡ ಅಂತ ಹೇಳಿದೆ ಅಲ್ವಾ!" ಅಂದೆ.

"ಸ್ಟಾರ್ಟ್ ಆದ್ರೆ ನಿಮಗೇ ಟೋಯಿಂಗ್ ದುಡ್ಡು ಉಳೀತದೆ ಅಂತ ನೋಡಿದ್ದು ಸರ್."

ನನಗೆ ಉಳಿಸಲು ನೋಡಿದ್ದಂತೆ! ಏರ್ ಫಿಲ್ಟರ್ ದಾಟಿ ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯ ಹಾಗೆ ಅಮುಕಲು ಆಗುವುದಿಲ್ಲ. ಆ ಹೊಡೆತಕ್ಕೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಮಳೆಗಾಲದಲ್ಲಿ ಕ್ರೇನ್ ಓಡಿಸಿಯೇ ಬದುಕುವವನಿಗೆ ಇದು ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ಮುಂದೆ ಕೇಳಿ. ಮುಂದಿನ ಚಕ್ರ ಎರಡೂ ಮೇಲೆ ಎತ್ತಿ ಆಯಿತು. ಬೆಲ್ಟ್ ಬಿಗಿದಾಯಿತು. ಆಗ ಹೇಳುತ್ತಾನೆ, "5,500 ಆಗ್ತದೆ ಸರ್." ಯಾಕೆ ಅಂದರೆ ನೀರಿಂದ ಎತ್ತುವ ಚಾರ್ಜ್ ಬೇರೆ, ರಾತ್ರಿ ಚಾರ್ಜ್ ಬೇರೆ. ಅದಕ್ಕಿಂತ ದೊಡ್ಡದು ಇನ್ನೊಂದು. "ಕುಂಟಿಕಾನ ರೋಡ್ ಬ್ಲಾಕ್ ಉಂಟು, ಮರ ಬಿದ್ದಿದೆ. ಬೈಕಂಪಾಡಿಯಲ್ಲಿ ನಮ್ಮ ಪರಿಚಯದವರ ಗ್ಯಾರೇಜ್ ಉಂಟು, ಅಲ್ಲಿ ಬಿಡ್ತೇನೆ. ನಾಳೆ ಬೆಳಿಗ್ಗೆ ನಾನೇ ಸರ್ವಿಸ್ ಸೆಂಟರ್‌ಗೆ ತಂದು ಕೊಡ್ತೇನೆ." ಬೇಡ, ಇಳಿಸಿ ಅಂದೆ. "ಇಳಿಸ್ತೇನೆ, ಆದ್ರೆ ಎತ್ತಿದ ಚಾರ್ಜ್ ಕೊಡ್ಬೇಕು" ಅಂದ. ಹಿಂದೆ ಬಸ್ಸಿನವರು ಹಾರ್ನ್ ಬಡಿಯುತ್ತಿದ್ದಾರೆ. ಗೂಗಲ್ ಪೇ ಮಾಡಿದೆ.

ಅವನು ಕೂಳೂರು ಕಡೆ ಹೋದ. ಅಮ್ಮನನ್ನು ಹೇಗೋ ಒಂದು ರಿಕ್ಷಾಕ್ಕೆ ಹತ್ತಿಸಿಕೊಂಡು ನಾನು ಮನೆಯ ಕಡೆ ಹೊರಟೆ, ಅದೇ ಕುಂಟಿಕಾನದ ಮೇಲೆ. ಮರವೂ ಇಲ್ಲ, ಮಣ್ಣೂ ಇಲ್ಲ. ಸಿಟಿ ಬಸ್ಸು ಆರಾಮವಾಗಿ ಹೋಗುತ್ತಿದೆ. ನಮ್ಮ ಮುಂದೆಯೇ ಇನ್ನೊಂದು ಕ್ರೇನ್ ಯಾರದೋ ಕಾರನ್ನು ಎಳೆದುಕೊಂಡು ಏರು ಹತ್ತುತ್ತಿದೆ. "ರೋಡ್ ಬ್ಲಾಕ್ ಅಂತೆ ಹೌದಾ?" ಅಂತ ರಿಕ್ಷಾದವರನ್ನು ಕೇಳಿದೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ ಸುಮ್ನೆ ನಕ್ಕರು. ಅಮ್ಮನಿಗೆ ಮಾತಾಡಲು ಆಗುತ್ತಿರಲಿಲ್ಲ, ಅದೊಂದು ಪುಣ್ಯ.

ಬೆಳಿಗ್ಗೆ ಫೋನ್ ಮಾಡಿದರೆ ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬರುತ್ತದೆ, ಉತ್ತರ ಇಲ್ಲ. ಬೈಕಂಪಾಡಿಗೆ ನಾನೇ ಹೋದೆ. ಹೋಗಿ ನೋಡಿದರೆ ಬೋನೆಟ್ ತೆರೆದಿದೆ, ಎಂಜಿನ್‌ನ ಮೇಲಿನ ಭಾಗ ಬಿಚ್ಚಿ ಒಂದು ಬಕೆಟಿನಲ್ಲಿ ಹಾಕಿಟ್ಟಿದ್ದಾರೆ. ಯಾರು ಬಿಚ್ಚಲು ಹೇಳಿದ್ದು?

"ಕ್ರೇನಿನವರು ಹೇಳಿದ್ರು."

"ಕಾರು ಯಾರದ್ದು?"

"ನಿಮ್ಮದೇ ಸರ್. ಬಿಚ್ಚಿದ ಲೇಬರ್ ಕೊಟ್ಟು ತಗೊಂಡು ಹೋಗಿ. ಯಾರ್ಡ್ ಚಾರ್ಜ್ ದಿನಕ್ಕೆ 500, ಇವತ್ತಿಂದು ಬೇಡ, ಬಿಡಿ."

ಬಿಡಿಯಂತೆ, ಉಪಕಾರ ಮಾಡುವ ಹಾಗೆ! ಕ್ರೇನಿನವನನ್ನು ಕರೆಸಿ ಅಂದೆ. "ಅವರಿಗೂ ನಮಗೂ ಎಂತ ಸಂಬಂಧ ಇಲ್ಲ ಸರ್, ಅವರು ಗಾಡಿ ತರ್ತಾರೆ, ನಾವು ಕೆಲಸ ಮಾಡ್ತೇವೆ" ಅಂದರು. ಆಯಿತು ಅಂತ ಲೇಬರ್ ಕೊಡಲು ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಹೆಸರು ಬಂತು. ಹಿಂದಿನ ರಾತ್ರಿ ಕ್ರೇನಿಗೆ 5,500 ಕಳಿಸಿದ್ದೆನಲ್ಲ, ಅದೇ ಹೆಸರು! ಕಣ್ಣು ಉಜ್ಜಿ ಹಳೆ ಮೆಸೇಜ್ ತೆಗೆದು ನೋಡಿದೆ. ಅದೇ, ಇನಿಶಿಯಲ್ ಸಮೇತ. ಫೋನ್ ತೋರಿಸಿದೆ. ಆ ಮನುಷ್ಯ ಒಂದು ನಿಮಿಷ ನೋಡಿ, "ಅದು ನಮ್ಮ ಭಾವ" ಅಂದ. ಎರಡು ನಿಮಿಷದ ಹಿಂದೆ ಸಂಬಂಧವೇ ಇರಲಿಲ್ಲ ಮಾರಾಯ್ರೇ!

ರಸೀದಿ ಕೇಳಿದರೆ ಒಂದು ಹರಿದ ಚೀಟಿಯಲ್ಲಿ ಪೆನ್ನಲ್ಲಿ ಬರೆದುಕೊಟ್ಟರು. ಸೀಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ.

ಇನ್ನು ಇನ್ಶೂರೆನ್ಸ್. ನನ್ನದು ಕಾಂಪ್ರಹೆನ್ಸಿವ್ ಪಾಲಿಸಿ, ಬಿಡಿಭಾಗದ ಸವಕಳಿ ಅಂತ ದುಡ್ಡು ಕಡಿಯದ ಬಂಪರ್ ಟು ಬಂಪರ್ ಆಡ್-ಆನ್ ಬೇರೆ. ನೆರೆ ನೀರಿನಿಂದ ಆದ ಹಾನಿ ಅದರಲ್ಲಿ ಸೇರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಅದೂ ಇಲ್ಲ. ಸರ್ವೇಯರ್ ಬಂದು ನೋಡಿ ಸೀಟು, ಕಾರ್ಪೆಟ್, ವೈರಿಂಗ್ ಎಲ್ಲ ಬರೆದುಕೊಂಡರು. ಎಂಜಿನ್ ಮಾತ್ರ ಇಲ್ಲ ಅಂದರು. ರಾಡ್ ಬಗ್ಗಿದೆ, ಅಂದರೆ ನೀರು ಹೋದ ಮೇಲೆ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಅದು ನೆರೆಯ ಹಾನಿ ಅಲ್ಲ, ಆಮೇಲೆ ಆದ ಹಾನಿ. ಸಾಲದ್ದಕ್ಕೆ ಸರ್ವೆಗೆ ಮೊದಲೇ ಬಿಚ್ಚಿದ್ದಾರೆ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ಇದ್ದಿದ್ದರೆ ಅರ್ಜಿ ಹಾಕಬಹುದಿತ್ತಂತೆ. ಬಂಪರ್ ಟು ಬಂಪರ್ ಅಂದರೆ ಎಲ್ಲವೂ ಸೇರಿತು ಅಂತ ಮಾರುವಾಗ ಹೇಳುತ್ತಾರಲ್ಲ, ಎಂಜಿನ್ ಎರಡು ಬಂಪರ್ ಮಧ್ಯೆ ಇರುವುದಿಲ್ಲವಾ? ಸರ್ವಿಸ್ ಸೆಂಟರ್‌ನ ಎಸ್ಟಿಮೇಟ್ ಲಕ್ಷ ದಾಟಿದೆ.

ಇಷ್ಟಾದ ಮೇಲೆ ಕ್ರೇನಿನವನಿಂದ ವಾಟ್ಸಾಪ್‌ನಲ್ಲಿ ಉತ್ತರ ಬಂತು, ಹಾಗೇ ಹಾಕುತ್ತೇನೆ. "ಸರ್ ಮಳೆಯಲ್ಲಿ ನಿಮಗೆ ಹೆಲ್ಪ್ ಮಾಡಿದ್ದೇ ತಪ್ಪಾ? ಕೀ ಕೊಟ್ಟದ್ದು ನೀವು. ಇನ್ನು ಮೆಸೇಜ್ ಮಾಡ್ಬೇಡಿ." ಕೆಳಗೆ ಕೈ ಮುಗಿಯುವ ಎಮೋಜಿ. ಆಮೇಲೆ ಬ್ಲಾಕ್. ಆ ಕೈ ಮುಗಿದದ್ದು ನೋಡಿ ಬಂದ ಸಿಟ್ಟು ಕಾರಿನ ಎಸ್ಟಿಮೇಟ್ ನೋಡುವಾಗಲೂ ಬಂದಿರಲಿಲ್ಲ. ಮನೆಯಲ್ಲಿ ಭಾವ ಬೇರೆ ಸಿಕ್ಕಿದಾಗೆಲ್ಲ "ಕ್ರೇನ್ ಬೇಕಾ?" ಅಂತ ಕೇಳುತ್ತಾನೆ. ನಮ್ಮ ಭಾವ, ಅವರ ಭಾವ ಅಲ್ಲ.

ಹಾಗಾಗಿ ನೀರಿನಲ್ಲಿ ನಿಂತ ಕಾರಿಗೆ ಯಾರೂ ಸೆಲ್ಫ್ ಹೊಡೆಯಬಾರದು. ಸಾಧ್ಯ ಆದರೆ ಮೊದಲೇ ಬ್ಯಾಟರಿಯ ನೆಗೆಟಿವ್ ವಯರ್ ತೆಗೆದುಬಿಡಿ, ಆಗ ಯಾರ ಕೈಗೆ ಕೀ ಹೋದರೂ ತೊಂದರೆ ಇಲ್ಲ. ನೀರಿನ ಮಟ್ಟ ಕಾಣುವ ಹಾಗೆ ಫೋಟೋ, ವಿಡಿಯೋ ತೆಗೆದಿಡಿ. ಹಲವರ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇರುತ್ತದೆ, ನಂಬರ್ ಪಾಲಿಸಿ ಪೇಪರ್‌ನಲ್ಲೇ ಇದೆ. ಬರಲು ತಡ ಆಗುತ್ತದೆ, ಆಗಲಿ. ಕಾರು ಇನ್ನೊಂದು ರಾತ್ರಿ ಅಲ್ಲೇ ನಿಂತರೆ ಇಷ್ಟು ಹಾಳಾಗುವುದಿಲ್ಲ. ಹೊರಗಿನ ಕ್ರೇನ್ ಕರೆಯಲೇಬೇಕಾದರೆ ಎಷ್ಟು ರೇಟ್, ಎಲ್ಲಿಗೆ ಬಿಡುವುದು ಅಂತ ಅವನ ವಾಟ್ಸಾಪ್‌ಗೆ ಮೆಸೇಜ್ ಹಾಕಿ, ಅವನಿಂದ ಓಕೆ ಬಂದ ಮೇಲೆಯೇ ಕೊಕ್ಕೆ ಹಾಕಲು ಬಿಡಿ. ರೋಡ್ ಬ್ಲಾಕ್ ಅಂದರೆ ಜಿಲ್ಲಾ ಕಂಟ್ರೋಲ್ ರೂಂ 1077ಕ್ಕೆ ಫೋನ್ ಮಾಡಿ ಕೇಳಿ, ಎಲ್ಲಿ ಮರ ಬಿದ್ದಿದೆ ಅಂತ.

ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇನೆ. ಅಲ್ಲೂ ಇಲ್ಲ ಅಂದರೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹಾಕುತ್ತೇನೆ, ಅದಕ್ಕೆ ಫೀಸ್ ಇಲ್ಲ, ಕಂಪನಿ ತಿರಸ್ಕರಿಸಿ ಒಂದು ವರ್ಷದ ಒಳಗೆ ಹಾಕಬೇಕು. ಕ್ರೇನಿನವನ ಮೇಲೆ ಪೊಲೀಸ್ ದೂರು ಕೊಡಲು ಹೋದರೆ ಸೆಲ್ಫ್ ಹೊಡೆದದ್ದಕ್ಕೆ ಸಾಕ್ಷಿ ಇದೆಯಾ ಅಂತ ಕೇಳಿದರು. ಅವತ್ತು ಸಂಜೆ ಅಲ್ಲೇ ಎದುರಿನ ಅಂಗಡಿಗಳ ಹತ್ತಿರ ನಿಂತು ತುಂಬ ಜನ ನೀರಿನ ವಿಡಿಯೋ ತೆಗೆಯುತ್ತಿದ್ದರು. ನಿಮ್ಮ ವಿಡಿಯೋದಲ್ಲಿ ಒಂದು ಬೂದು ಬಣ್ಣದ ಹ್ಯಾಚ್‌ಬ್ಯಾಕ್, ಪಕ್ಕದಲ್ಲಿ ಛತ್ರಿ ಹಿಡಿದು ಕೂಗಾಡುತ್ತಿರುವವನು ಒಬ್ಬ ಸಿಕ್ಕಿದರೆ ದಯವಿಟ್ಟು ಡಿಲೀಟ್ ಮಾಡಬೇಡಿ, ನನಗೆ ಕಳಿಸಿ. ಬೈಕಂಪಾಡಿಯ ಅದೇ ಥರದ ಹರಿದ ಚೀಟಿ ಇನ್ಯಾರ ಹತ್ತಿರವಾದರೂ ಇದ್ದರೆ ಅದನ್ನೂ ತೆಗೆದಿಡಿ, ಠಾಣೆಗೆ ಒಟ್ಟಿಗೇ ಹೋಗೋಣ.