ನವನಗರದ ಒಂದು ವೃದ್ಧಾಶ್ರಮ: ಹಗಲಿಗೆ ಚಲೋ, ರಾತ್ರಿಗೆ ಸಾಲದು

ಬಾಗಲಕೋಟೆ ನವನಗರದ ಸೆಕ್ಟರ್ ಒಂದರಲ್ಲಿ, ಎರಡಂತಸ್ತಿನ ಬಾಡಿಗೆ ಮನೆಯಲ್ಲಿ ನಡೆಯುವ ಖಾಸಗಿ ವೃದ್ಧಾಶ್ರಮ ಇದು. ಹೆಸರು ಬೇಡ, ಕೊರತೆಗಳನ್ನು ನಡೆಸುವವರಿಗೇ ಹೇಳಿಯಾಗಿದೆ. ಒಟ್ಟು 22 ಮಂದಿ ಇದ್ದಾರೆ, ಜಮಖಂಡಿ, ಗುಳೇದಗುಡ್ಡ, ಇಳಕಲ್ ಕಡೆಯವರೇ ಹೆಚ್ಚು. ಅದರಲ್ಲಿ 7 ಮಂದಿ ಹಾಸಿಗೆ ಹಿಡಿದವರು. ಒಮ್ಮೆ ಮೊದಲೇ ತಿಳಿಸಿ ಬೆಳಗ್ಗೆ 11ಕ್ಕೆ, ಇನ್ನೊಮ್ಮೆ ತಿಳಿಸದೆ ಭಾನುವಾರ ಸಂಜೆ 7ಕ್ಕೆ ಹೋಗಿ ನೋಡಿದ್ದು. ತಾವೇ ಎದ್ದು ಓಡಾಡುವ ಹಿರಿಯರಿಗೆ ಜಾಗ ಒಳ್ಳೆಯದು. ಮಲಗಿದಲ್ಲೇ ಇರುವವರನ್ನು ಸದ್ಯಕ್ಕೆ ಇಲ್ಲಿ ಬಿಡಬೇಡಿ. ಯಾಕೆ ಅನ್ನುವುದು ಮುಂದಿದೆ.

ಒಳಗೆ ಕಾಲಿಟ್ಟರೆ ಉಚ್ಚೆ ವಾಸನೆ ಇಲ್ಲ, ಫಿನೈಲ್ ವಾಸನೆಯೂ ಇಲ್ಲ. ಈ ಎರಡನೆಯದಕ್ಕೇ ಬೆಲೆ ಜಾಸ್ತಿ. ನೋಡಲು ಬರುವವರಿಗಾಗಿ ಅರ್ಧ ಗಂಟೆ ಮೊದಲು ನೆಲ ಒರೆಸಿದ ಕಡೆ ಫಿನೈಲ್ ಮೂಗಿಗೆ ಹೊಡೆಯುತ್ತದೆ.

ಊಟಕ್ಕೆ ಪೂರ್ತಿ ಅಂಕ. ಹಲ್ಲಿಲ್ಲದವರಿಗೆ ಜೋಳದ ರೊಟ್ಟಿಯನ್ನು ಬಿಸಿ ಇರುವಾಗಲೇ ಮುರಿದು ಬೇಳೆ ಸಾರಿನಲ್ಲಿ ನೆನೆಸಿ ಕೊಡುತ್ತಾರೆ, ಮಧ್ಯಾಹ್ನ ನುಚ್ಚು-ಮಜ್ಜಿಗೆ, ಶೇಂಗಾ ಹಿಂಡಿ ಕೇಳಿದರೆ ಮೊಸರಲ್ಲಿ ಕಲಸಿ. ಲಕ್ವಾ ಹೊಡೆದವರಿಗೆ ಉಣಿಸುವ ರೀತಿಯೂ ಸರಿ ಇದೆ. ತೆಳು ನೀರು ಗಂಟಲಲ್ಲಿ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಆಮೇಲೆ ನ್ಯುಮೋನಿಯಾ. ಅದಕ್ಕೇ ಗಂಜಿಯನ್ನು ಚಮಚದಿಂದ ದಪ್ಪಗೆ ಬೀಳುವಷ್ಟು ಗಟ್ಟಿ ಮಾಡುತ್ತಾರೆ, ನೆಟ್ಟಗೆ ಕೂರಿಸಿ ಅರ್ಧರ್ಧ ಚಮಚ ಕೊಡುತ್ತಾರೆ. "ಅಜ್ಜಾರ, ಗದ್ದ ಸ್ವಲ್ಪ ಕೆಳಗ ಮಾಡ್ರಿ... ಹಾಂ, ಈಗ ನುಂಗ್ರಿ" ಎಂದು ಹೇಳಿ, ನುಂಗಿದ್ದನ್ನು ನೋಡಿಯೇ ಆಯಾ ಮುಂದಿನ ಚಮಚ ಎತ್ತುತ್ತಿದ್ದಳು. ಉಂಡ ಮೇಲೆ ಅರ್ಧ ಗಂಟೆ ಮಲಗಿಸುವುದಿಲ್ಲ.

ತೂಕದ ಪುಸ್ತಕ ಇದೆ, ಪ್ರತಿ ತಿಂಗಳು ಬರೆಯುತ್ತಾರೆ. ಒಂದೇ ತಿಂಗಳಲ್ಲಿ ನೂರಕ್ಕೆ ಐದು ಪಾಲು, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ, ಡಾಕ್ಟರಿಗೆ ತೋರಿಸಲೇಬೇಕು. ಆದರೆ ಆ 7 ಮಂದಿಯ ಸಾಲಿನಲ್ಲಿ ಬರೀ ಗೀಟು. ನಿಲ್ಲಲಾರದವರ ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ತೆಗೆದು ಬರೆದರೂ ಸೊರಗುವುದು ಗೊತ್ತಾಗುತ್ತದೆ. ಟೇಪು ಟೈಲರ್ ಅಂಗಡಿಯದಾದರೂ ನಡೆಯುತ್ತದೆ.

ಈಗ ಮೇಲಿನ ಮಹಡಿ. ಪ್ರತಿ ಮಂಚದ ತಲೆದೆಸೆಗೆ ಮಗ್ಗುಲು ಬದಲಿಸಿದ ಚಾರ್ಟ್ ತೂಗುಹಾಕಿದ್ದಾರೆ, ಎರಡು ಗಂಟೆಗೊಂದು ಮನೆ. ಭಾನುವಾರ ಸಂಜೆ 7ಕ್ಕೆ ನೋಡಿದರೆ ಒಬ್ಬ ಅಜ್ಜಿಯ ಚಾರ್ಟಿನಲ್ಲಿ 8 ಗಂಟೆಯ ಮನೆಗೂ ಟಿಕ್ ಬಿದ್ದಿತ್ತು, 10 ಗಂಟೆಯದಕ್ಕೂ. ಒಂದೇ ನೀಲಿ ಪೆನ್ನು, ಒಂದೇ ಓಟ. ಚಾದರ ಸರಿಸಿದರೆ ಬಲ ಹಿಮ್ಮಡಿ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಜಾಗ ಕ್ಷಣಕಾಲ ಬಿಳಿಚಬೇಕು; ಇದು ಕೆಂಪಾಗಿಯೇ ಉಳಿಯಿತು. ಹಾಸಿಗೆ ಹುಣ್ಣಿನ ಮೊದಲ ಹಂತ ಇದೇ, ಚರ್ಮ ಇನ್ನೂ ಒಡೆದಿರುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಣ್ಣಿಗೆ ಬೀಳುವುದಿಲ್ಲ, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಟಿಕ್ಕಿಗಿಂತ ಹಿಮ್ಮಡಿ, ಬೆನ್ನ ಕೆಳಗಿನ ಎಲುಬು, ಸೊಂಟದ ಪಕ್ಕ, ಈ ಮೂರನ್ನು ನಂಬಿ.

ಗಾಳಿ ಹಾಸಿಗೆ ಇಲ್ಲವೆಂದಲ್ಲ, ಇದೆ. ಆದರೆ ಅಜ್ಜಿ 40 ಕಿಲೋ ಸಹ ಇದ್ದಂತಿಲ್ಲ, ಪಂಪಿನ ಗುಂಡಿ ಮಾತ್ರ ಕೊನೆಯವರೆಗೆ ತಿರುಗಿತ್ತು. ಹಾಸಿಗೆ ಹಲಗೆಯಂತೆ ಬಿಗಿದಿತ್ತು. ಅದರ ಮೇಲೆ ರಬ್ಬರ್ ಶೀಟು, ಶೀಟಿನ ಮೇಲೆ ನಾಲ್ಕು ಮಡಿಕೆ ಕೌದಿ. ಕೌದಿಯನ್ನು ಅಂತಃಕರಣದಿಂದಲೇ ಹಾಸಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ದಪ್ಪ ಹಾಸಿದ ಮೇಲೆ ಕೆಳಗಿನ ಗಾಳಿಯಿಂದ ಮೈಗೇನೂ ಸಿಗುವುದಿಲ್ಲ. ಒಂದೇ ಪದರ ಹತ್ತಿ ಬಟ್ಟೆ ಸಾಕು. ಗುಂಡಿಯನ್ನು ತೂಕಕ್ಕೆ ತಕ್ಕಂತೆ ಇಟ್ಟು, ಸೊಂಟದ ನೇರಕ್ಕೆ ಹಾಸಿಗೆಯ ಅಡಿಗೆ ಅಂಗೈ ತೂರಿಸಿ ನೋಡಬೇಕು. ಎಲುಬು ಕೈಗೆ ತಗುಲಿದರೆ ಗಾಳಿ ಕಡಿಮೆ, ನಡುವೆ ಒಂದಿಂಚು ಗಾಳಿ ಉಳಿದರೆ ಸರಿ. ಹಿಮ್ಮಡಿಗೆ ಬೇರೆಯದೇ ಉಪಾಯ: ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿ ಏನನ್ನೂ ತಾಗದಂತೆ ಬಿಡುವುದು.

ಆಯಾಗಳ ಮೇಲೆ ತಪ್ಪು ಹೊರಿಸುವುದು ಸುಲಭ. ಲೆಕ್ಕ ಹಾಕಿ ನೋಡಿ. ಹಗಲು ನಾಲ್ವರು ಆಯಾ, ಒಬ್ಬ ಸಿಸ್ಟರ್. ರಾತ್ರಿ ಒಬ್ಬಳೇ ಆಯಾ, ಗೇಟಿಗೊಬ್ಬ ವಾಚ್‌ಮನ್. ರಾತ್ರಿ 10, 12, 2, 4, ಹೀಗೆ ನಾಲ್ಕು ಸುತ್ತು. 7 ಮಂದಿಗೆ 28 ಸಲ. ಡೈಪರ್ ನೋಡಿ, ಮಗ್ಗುಲಾಗಿಸಿ, ದಿಂಬು ಕೊಡಲು ಸಲಕ್ಕೆ 10 ನಿಮಿಷವೆಂದರೂ 280 ನಿಮಿಷ, ಹತ್ತಿರ ಹತ್ತಿರ ಐದು ತಾಸು. ಅದೂ ಇಬ್ಬರಿದ್ದರೆ. ಅಡ್ಡ ಹಾಸಿದ ಬಟ್ಟೆಯ ತುದಿಗಳನ್ನು ಎರಡೂ ಕಡೆಯಿಂದ ಹಿಡಿದು ಎತ್ತಿ ಸರಿಸಬೇಕು. ಒಬ್ಬಳೇ ಎಳೆದರೆ ಹಾಸಿಗೆಗೆ ಉಜ್ಜಿ ಚರ್ಮವೇ ಕಿತ್ತು ಬರುತ್ತದೆ. ಹೀಗಿರುವಾಗ ಟಿಕ್ಕು ಸಂಜೆಯೇ ಬೀಳದೆ ಇನ್ನೇನು. ಮುಂದಿನ ತಿಂಗಳಿಂದ ಇನ್ನೊಬ್ಬಳನ್ನು ಇಡುತ್ತೇವೆ ಎಂದಿದ್ದಾರೆ.

ಔಷಧದ ಮೇಜಿನಲ್ಲಿ ಎರಡು ತಪ್ಪು. ಇನ್ಸುಲಿನ್ ಬಾಟಲಿಗಳ ಮೇಲೆ ತೆರೆದ ತಾರೀಖು ಇರಲಿಲ್ಲ. ಹೆಚ್ಚಿನ ಇನ್ಸುಲಿನ್‌ಗಳಿಗೆ ತೆರೆದ ಮೇಲೆ ಸುಮಾರು 28 ದಿನ, ಆಮೇಲೆ ಬಿಸಾಡುವುದೇ. ತೆರೆಯದ್ದಕ್ಕೆ 2ರಿಂದ 8 ಡಿಗ್ರಿ ಬೇಕು. ಇಲ್ಲಿನ ಬೇಸಿಗೆ 40 ದಾಟುತ್ತದೆ, ಕರೆಂಟು ಹೋಗುತ್ತದೆ, ಫ್ರಿಜ್ಜಿಗೆ ಇನ್ವರ್ಟರ್ ಲೈನ್ ಇಲ್ಲ. ಎರಡನೆಯದು ಚಿಕ್ಕ ಕಲ್ಲು ಕುಟ್ಟಾಣಿ. ನುಂಗಲಾರದವರ ಮಾತ್ರೆಗಳನ್ನೆಲ್ಲ ಅದರಲ್ಲಿ ಪುಡಿ ಮಾಡಿ ಗಂಜಿಗೆ ಬೆರೆಸುತ್ತಾರೆ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿರುವ ಮಾತ್ರೆ ದಿನವಿಡೀ ನಿಧಾನ ಕರಗಲೆಂದು ಮಾಡಿದ್ದು. ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಇಳಿದು ಬಿಪಿಯೋ ಸಕ್ಕರೆಯೋ ಕುಸಿಯಬಹುದು. ಡಾಕ್ಟರನ್ನು ಕೇಳಿದರೆ ಬದಲಿ ಮಾತ್ರೆಯೋ ಸಿರಪ್ಪೋ ಬರೆದುಕೊಡುತ್ತಾರೆ.

ಬಚ್ಚಲು ಚೆನ್ನಾಗಿದೆ: ಕಮೋಡಿನ ಎರಡೂ ಕಡೆ ಹಿಡಿಕೆ, ಒರಟು ಟೈಲ್ಸ್, ರಾತ್ರಿ ದೀಪ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ.

ಕರಾರು ಪತ್ರದಲ್ಲಿ ತಿಂಗಳ ಶುಲ್ಕದ ಅಂಕಿ ದೊಡ್ಡಕ್ಷರದಲ್ಲಿದೆ, ಅದರೊಳಗೆ ಬರದಿರುವುದು ಕೊನೆಯ ಪುಟದಲ್ಲಿದೆ. ಡೈಪರ್ ಖರ್ಚು ಮನೆಯವರದು: ದಿನಕ್ಕೆ 4 ಎಂದರೆ ತಿಂಗಳಿಗೆ 120. ಫಿಜಿಯೋಥೆರಪಿ, ಆಂಬುಲೆನ್ಸ್ ಬೇರೆ. ಎಚ್‌ಎಸ್‌ಕೆ ಆಸ್ಪತ್ರೆ ನವನಗರದಲ್ಲೇ ಇರುವುದರಿಂದ ಕರೆದೊಯ್ಯಲು ತಡವಾಗದು, ಆದರೆ ಅಲ್ಲಿ ದಾಖಲಾದರೆ ರಾತ್ರಿ ಪಕ್ಕದಲ್ಲಿ ಕೂರುವವರು ಯಾರು ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಸಹಿ ಹಾಕುವ ಮೊದಲು ಆ ಸಾಲನ್ನು ಕೈಯಲ್ಲಾದರೂ ಬರೆಸಿಕೊಳ್ಳಿ.